ಇಂದಿನ ಧಮ್ಮ ಚಿಂತನೆ: ಕೂರುವ ಮುನ್ನ ನೋಡಿದೆಯಾ?



ಹೋದ ಭಾನುವಾರ ವಿಹಾರದಲ್ಲಿ ತ್ರಿಸರಣ, ಪಂಚಶೀಲ ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ: "ಚೇತನವೇ ಕಮ್ಮ ಅಂತ ಬುದ್ಧರು ಹೇಳಿದಾರೆ. ಹಾಗಾದ್ರೆ ಕೆಟ್ಟ ಉದ್ದೇಶ ಇಲ್ಲದೆ ಯಾರ ಕೈಯಿಂದಲಾದ್ರೂ ಒಂದು ಜೀವ ಹೋದ್ರೆ, ಅವರ ಮೇಲೆ ಏನೂ ಇಲ್ಲ ಅಲ್ವಾ?" ಹಿರಿಯರೊಬ್ಬರು ಹೌದು ಅಂದರು. ನಾನು ಸುಮ್ಮನೆ ಕೂತಿದ್ದೆ. 22 ವರ್ಷದಿಂದ ಸ್ಟಾಫ್ ನರ್ಸ್ ಆಗಿರುವವಳು ನಾನು. ಸುಮ್ಮನಿದ್ದದ್ದಕ್ಕೆ ಕಾರಣವಿತ್ತು.

ನುಂಗಲಾಗದ ರೋಗಿಗೆ ಮೂಗಿನಿಂದ ಹೊಟ್ಟೆಗೆ ಪೈಪು ಹಾಕಿ ಗಂಜಿ, ಹಾಲು ಕೊಡುವುದನ್ನು ನೀವು ನೋಡಿರುತ್ತೀರಿ. ವಾರ್ಡಿನಲ್ಲಿ ಅದಕ್ಕೆ ರೈಲ್ಸ್ ಟ್ಯೂಬ್ ಅಂತೀವಿ. ಮೂಗಿನ ತುದಿಯಿಂದ ಕಿವಿಗೆ, ಕಿವಿಯಿಂದ ಎದೆಮೂಳೆಯ ಕೊನೆಗೆ ಅಳತೆ ಹಿಡಿದು, ಜೆಲ್ಲಿ ಸವರಿ, ಮೆಲ್ಲಗೆ ಒಳಗೆ ಬಿಡಬೇಕು. ಕಷ್ಟ ಎಲ್ಲಿದೆ ಅಂದರೆ, ಗಂಟಲಲ್ಲಿ ಅನ್ನನಾಳ, ಶ್ವಾಸನಾಳ ಎರಡೂ ಪಕ್ಕಪಕ್ಕ. ಪೈಪು ಯಾವುದಕ್ಕೆ ಇಳಿಯಿತು ಅನ್ನುವುದು ಹೊರಗಿನಿಂದ ಕಾಣುವುದಿಲ್ಲ. ಎಚ್ಚರ ಇರುವವರಾದರೆ ಕೆಮ್ಮುತ್ತಾರೆ. ಲಕ್ವ ಹೊಡೆದವರು, ಪ್ರಜ್ಞೆ ಇಲ್ಲದವರು ಎಷ್ಟೋ ಸಲ ಕೆಮ್ಮುವುದೂ ಇಲ್ಲ.

ನನಗೆ ಸೀನಿಯರ್‌ಗಳು ಕಲಿಸಿದ್ದು ಒಂದೇ ಪರೀಕ್ಷೆ. ಸಿರಿಂಜಿನಿಂದ ಪೈಪಿಗೆ ಗಾಳಿ ಊದು, ಹೊಟ್ಟೆ ಮೇಲೆ ಸ್ಟೆತಸ್ಕೋಪ್ ಇಡು, ಬುಳ್ ಅಂದರೆ ಸರಿ. ಹನ್ನೊಂದು ವರ್ಷ ಹಾಗೇ ಮಾಡಿದೆ. ಶ್ವಾಸಕೋಶಕ್ಕೆ ಊದಿದ ಗಾಳಿಯ ಸದ್ದೂ ಹೊಟ್ಟೆ ಮೇಲೆ ಹಾಗೇ ಕೇಳಿಸಬಹುದು. ಅದಕ್ಕೇ 2005ರಲ್ಲೇ ಇಂಗ್ಲೆಂಡಿನ ರೋಗಿ ಸುರಕ್ಷತಾ ಸಂಸ್ಥೆ ಆ ಪರೀಕ್ಷೆಯನ್ನು ಬಿಡಿ ಅಂತ ಎಚ್ಚರಿಸಿತ್ತು. ನಮ್ಮ ವಾರ್ಡಿಗೆ ಆ ಸುದ್ದಿ ಬಂದಿರಲಿಲ್ಲ, ಬರಲಿ ಅಂತ ನಾವೂ ಕಾದಿರಲಿಲ್ಲ.

ಒಂದು ರಾತ್ರಿ ಲಕ್ವ ಹೊಡೆದ ಅಜ್ಜನೊಬ್ಬರಿಗೆ ಪೈಪು ಹಾಕಿದೆ. ಗಾಳಿ ಊದಿದೆ, ಸದ್ದು ಕೇಳಿಸಿತು. ಮಗಳು ರಾಗಿ ಗಂಜಿ ಸೋಸಿ ತಂದು ನಿಂತಿದ್ದಳು. "ಸಿಸ್ಟರ್, ಬೆಳಗ್ಗೆಯಿಂದ ಅಪ್ಪನ ಹೊಟ್ಟೆಗೆ ಏನೂ ಬಿದ್ದಿಲ್ಲ" ಅಂದಳು. ಲೋಟ ಕೈಗೆ ತಗೊಂಡೆ. ಆಗ ಹೊಸದಾಗಿ ಸೇರಿದ್ದ ಹುಡುಗಿ ಸಿರಿಂಜಿನಿಂದ ಎಳೆದು ನೋಡಿ, "ಸಿಸ್ಟರ್, ಏನೂ ಬರ್ತಿಲ್ಲ. ಒಂದು ಎಕ್ಸ್‌ರೇ ಮಾಡಿಸೋಣ್ವಾ?" ಅಂದಳು.

ನನಗೆ ಸಿಟ್ಟು ಬಂತು. ರೋಗಿಯ ಮನೆಯವರ ಮುಂದೆಯೇ! "ನಮ್ಮ ಸೀನಿಯರ್‌ಗಳೆಲ್ಲ ಹೀಗೇ ಮಾಡ್ಕೊಂಡು ಬಂದಿರೋದು" ಅಂದೆ. ಆದರೂ ಅವಳು ಪಕ್ಕಕ್ಕೆ ಸರಿಯಲಿಲ್ಲ. ಗೊಣಗುತ್ತಲೇ ಡ್ಯೂಟಿ ಡಾಕ್ಟರಿಗೆ ಹೇಳಿದೆ, ಮಲಗಿದ್ದ ಟೆಕ್ನಿಷಿಯನ್ನನ್ನು ಎಬ್ಬಿಸಿದ್ದಾಯಿತು. ಫಿಲ್ಮಿನಲ್ಲಿ ಪೈಪು ಬಲಗಡೆಯ ಶ್ವಾಸಕೋಶದಲ್ಲಿತ್ತು. ಗಂಜಿ ಇನ್ನೂ ಲೋಟದಲ್ಲೇ ಇತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಅಜ್ಜನಿಗಿಂತ ಹೆಚ್ಚು ಕಾಡಿದ್ದು ನನ್ನ ಬಾಯಿಂದ ಬಂದ ಮಾತು. "ಹೀಗೇ ಮಾಡ್ಕೊಂಡು ಬಂದಿರೋದು." ನಮ್ಮೂರ ಹೋಟೆಲಿನವನು ನನ್ನಪ್ಪನಿಗೆ ಬೇರೆ ಲೋಟದಲ್ಲಿ ಟೀ ಕೊಡುವಾಗ ಹೇಳುತ್ತಿದ್ದದ್ದು ಇದೇ. ಭಾನುವಾರ ವಿಹಾರದಲ್ಲಿ ಮಕ್ಕಳಿಗೆ ಕಾಲಾಮ ಸುತ್ತ ಹೇಳಿಕೊಡುವವಳು ನಾನು. ಪರಂಪರೆ ಅಂತ, ಗುರು ಹೇಳಿದ ಅಂತ ಒಪ್ಪಬೇಡಿ ಅನ್ನುವವಳು. ವಾರ್ಡಿನಲ್ಲಿ ನಾಲ್ಕು ವರ್ಷ ಹೆಚ್ಚು ಸರ್ವಿಸ್ ಆದ ಕೂಡಲೇ ನಾನೇ ಪರಂಪರೆ ಆಗಿದ್ದೆ.

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ವಿನಯ ಪಿಟಕದಲ್ಲಿ ಒಂದು ಪ್ರಸಂಗ ಇದೆ. ಭಿಕ್ಷೆಗೆ ಹೋದ ಭಿಕ್ಖು ಒಂದು ಪೀಠದ ಮೇಲೆ ಕೂತ. ಅದರ ಮೇಲೆ ಬಟ್ಟೆ ಮುಚ್ಚಿ ಮಗು ಮಲಗಿಸಿದ್ದರು. ಮಗು ಸತ್ತುಹೋಯಿತು. ಭಿಕ್ಖು ನಡುಗುತ್ತ ಬುದ್ಧರ ಬಳಿ ಬಂದ. ಕೊಲ್ಲುವ ಉದ್ದೇಶ ಇರಲಿಲ್ಲವಾದ್ದರಿಂದ ಸಂಘದಿಂದ ಹೊರಹಾಕುವ ಪಾರಾಜಿಕ ದೋಷ ಇಲ್ಲ ಅಂದರು ಬುದ್ಧರು. ಹುಡುಗ ಕೇಳಿದ್ದು ಇಲ್ಲಿಯ ತನಕ ಸರಿ. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ನೋಡದೆ ಆಸನದ ಮೇಲೆ ಕೂರಬಾರದು, ಕೂತರೆ ದುಕ್ಕಟ ದೋಷ ಅಂತ ನಿಯಮ ಮಾಡಿದರು.

ಈ ನಿಯಮವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ದೋಷ ಇರುವುದು ಮಗು ಸತ್ತದ್ದರಲ್ಲಿ ಅಲ್ಲ, ನೋಡದೆ ಕೂತದ್ದರಲ್ಲಿ. ಅಂದರೆ ಪೀಠ ಖಾಲಿ ಇದ್ದರೂ, ಯಾರಿಗೂ ಏನೂ ಆಗದಿದ್ದರೂ, ನೋಡದೆ ಕೂತವನು ತಪ್ಪು ಮಾಡಿದ ಹಾಗೇ. ಉದ್ದೇಶ ಒಳ್ಳೆಯದಿತ್ತು ಅನ್ನುವುದು ಆ ಎರಡನೇ ಮಾತಿಗೆ ಉತ್ತರವೇ ಅಲ್ಲ. ನೋಡಲು ದಾರಿ ಇದ್ದೂ ನೋಡದಿರುವುದು ಪ್ರಮಾದ. ಪ್ರಮಾದವೂ ಮನಸ್ಸಿನದೇ ಕೆಲಸ ತಾನೇ?

ನೋಡುವ ದಾರಿ ಅಂಥ ದೊಡ್ಡದೂ ಅಲ್ಲ. ಪೈಪಿನಿಂದ ಒಂಚೂರು ದ್ರವ ಎಳೆದು ಪಿಎಚ್ ಪಟ್ಟಿಗೆ ಮುಟ್ಟಿಸಬೇಕು. 5.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹೊಟ್ಟೆಯ ಆಮ್ಲ. ದ್ರವ ಬರದಿದ್ದರೆ, ಗ್ಯಾಸ್ಟ್ರಿಕ್ ಮಾತ್ರೆಯಿಂದ ಆಮ್ಲ ತಗ್ಗಿ ಪಟ್ಟಿ ಮೇಲಿನ ಅಂಕಿ ತೋರಿಸಿದರೆ, ಎಕ್ಸ್‌ರೇ ಮಾಡಿಸಿ ಓದಲು ಬಲ್ಲವರಿಗೆ ತೋರಿಸಬೇಕು. ಅಲ್ಲಿಯವರೆಗೆ ಒಂದು ತೊಟ್ಟು ನೀರೂ ಬಿಡಬಾರದು. ಮೂಗಿನ ಹತ್ತಿರ ಗುರುತು ಹಾಕಿ, ಪ್ರತಿ ಸಲ ಊಟ ಕೊಡುವ ಮುಂಚೆ ಅದು ಜರುಗಿಲ್ಲ ಅಂತ ನೋಡಬೇಕು. ವಾಂತಿ, ಜೋರು ಕೆಮ್ಮು ಬಂದಿದ್ದರೆ ಮತ್ತೆ ಮೊದಲಿನಿಂದ. ನಿಮ್ಮ ಮನೆಯಲ್ಲಿ ಯಾರಿಗಾದರೂ ಪೈಪು ಹಾಕಿದ್ದರೆ "ಹೇಗೆ ಚೆಕ್ ಮಾಡಿದ್ರಿ?" ಅಂತ ಧೈರ್ಯವಾಗಿ ಕೇಳಿ. ನಮ್ಮಂಥವರ ಮುಖ ಗಂಟಿಕ್ಕಿದರೂ ಕೇಳಿ.

ಆ ಹುಡುಗಿ ಈಗ ಬೇರೆ ಜಿಲ್ಲೆಯಲ್ಲಿದ್ದಾಳೆ. ಅವಳಿಗೆ ಥ್ಯಾಂಕ್ಸ್ ಹೇಳಲು ನನಗೆ ಎರಡು ತಿಂಗಳು ಹಿಡಿಯಿತು.

ಆದರೆ ಭಾನುವಾರ ನನ್ನ ಬಾಯಿ ಕಟ್ಟಿದ್ದು ಆ ಅಜ್ಜ ಅಲ್ಲ. ಅವರಿಗಿಂತ ಮುಂಚಿನ ಹನ್ನೊಂದು ವರ್ಷ. ಬರೀ ಸದ್ದು ನಂಬಿ ಎಷ್ಟು ಜನಕ್ಕೆ ಗಂಜಿ ಬಿಟ್ಟೆನೋ ಲೆಕ್ಕವಿಲ್ಲ. ಅವರಲ್ಲಿ ಕೆಲವರಿಗೆ ನ್ಯುಮೋನಿಯಾ ಆಯಿತು, ಕೆಲವರು ತೀರಿಕೊಂಡರು. ಲಕ್ವ ಆದವರಿಗೆ ನ್ಯುಮೋನಿಯಾ ಸಾಮಾನ್ಯ ಅಂದುಕೊಂಡು ಕೇಸ್ ಶೀಟ್ ಮುಚ್ಚಿದೆವು. ಅದು ನಿಜವೂ ಇರಬಹುದು. ಬಟ್ಟೆಯ ಕೆಳಗೆ ಯಾರಿದ್ದರು ಅಂತ ನಾನು ಆಗ ನೋಡಲಿಲ್ಲ, ಈಗ ನೋಡಲು ಬರುವುದಿಲ್ಲ.

ಭವತು ಸಬ್ಬ ಮಂಗಲಂ. ಜೈ ಭೀಮ್.