ಅಳೆಯುವವನ ಧರ್ಮ

ಕಲ್ಲನ್ನು ಕುರಿತು ಓದುವವನಿಂದ ಕಲ್ಲಿಗೆ ನೋವಿಲ್ಲ. ನಕ್ಷತ್ರದ ದೂರವನ್ನು ತಪ್ಪಾಗಿ ಎಣಿಸಿದ ವಿದ್ಯಾರ್ಥಿಯು ಪರೀಕ್ಷೆಯಲ್ಲಿ ಅಂಕಗಳನ್ನು ಕಳೆದುಕೊಳ್ಳಬಹುದು; ನಕ್ಷತ್ರವು ತನ್ನ ಸ್ಥಾನವನ್ನು ಕಳೆದುಕೊಳ್ಳುವುದಿಲ್ಲ. ಮನುಷ್ಯನ ಮನಸ್ಸನ್ನು ಕುರಿತು ಓದುವವನ ಸಂಗತಿ ಬೇರೆ. ಅವನು ಮಾಡುವ ತಪ್ಪಿನ ಫಲವನ್ನು ಇನ್ನೊಬ್ಬನು ಉಣ್ಣಬೇಕಾಗುತ್ತದೆ. ಆದುದರಿಂದ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರವನ್ನು ಓದುವವನು ಪಾಠಪಟ್ಟಿಯಲ್ಲಿಲ್ಲದ ಒಂದು ಪ್ರಶ್ನೆಯನ್ನು ಮೊದಲ ದಿನವೇ ಕೇಳಿಕೊಳ್ಳಬೇಕು: ಇನ್ನೊಬ್ಬರ ಮನಸ್ಸಿಗೆ ಹೆಸರಿಡುವ ಅಧಿಕಾರವು ನನಗೆ ಎಲ್ಲಿಂದ ಬಂದಿತು? ಅದನ್ನು ಯಾವ ಕಟ್ಟಳೆಗೆ ಒಳಪಟ್ಟು ಬಳಸಬೇಕು?

ನನಗೆ ಈ ಪ್ರಶ್ನೆಯು ತಡವಾಗಿ ಎದುರಾಯಿತು. ಆ ಸಂಗತಿಯನ್ನು ಹೇಳುವುದಕ್ಕೆ ಮುಂಚೆ, ಈ ಶಾಸ್ತ್ರವನ್ನು ಓದಹೋದವರ ಸಾಮಾನ್ಯ ಅನುಭವವನ್ನು ನಾಲ್ಕು ಮಾತುಗಳಲ್ಲಿ ಹೇಳಿಬಿಡುತ್ತೇನೆ.

ಮನಶ್ಶಾಸ್ತ್ರದ ತರಗತಿಗೆ ಸೇರಿದ ಹುಡುಗನನ್ನು ನೆಂಟರಿಷ್ಟರು ಮೊದಲು ಕೇಳುವುದು, "ಹಾಗಾದರೆ ನನ್ನ ಮನಸ್ಸಿನಲ್ಲಿ ಏನಿದೆ, ಹೇಳು ನೋಡೋಣ" ಎಂದು. ಅವನಿಗೂ ಒಳಗೊಳಗೇ ಅದೇ ಆಸೆ. ಎಷ್ಟೋ ಮಂದಿ ತಮ್ಮದೇ ಒಂದು ದುಗುಡವನ್ನು ಹೊತ್ತು, ಅದಕ್ಕೆ ಪುಸ್ತಕದಲ್ಲಿ ಉತ್ತರವಿದ್ದೀತೆಂದು ಬಂದಿರುತ್ತಾರೆ. ತರಗತಿಯಲ್ಲಿ ಸಿಗುವುದಾದರೋ ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿ ನೆನಪನ್ನು ಅಳೆಯುವ ಪ್ರಯೋಗ, ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆಯನ್ನು ತಿದ್ದುವ ಪ್ರಯೋಗ, ಸರಾಸರಿಯ ಗಣಿತ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವುಂಟ್ ಎಂಬ ಪಂಡಿತನು ಪ್ರಯೋಗಶಾಲೆಯನ್ನು ತೆರೆದಂದಿನಿಂದ ಈ ಶಾಸ್ತ್ರವು ಹಿಡಿದ ದಾರಿ ಅದು. ನಮ್ಮ ದೇಶದಲ್ಲಿ 1916ರಲ್ಲಿ ಕಲ್ಕತ್ತೆಯಲ್ಲಿಯೂ, 1924ರಲ್ಲಿ ಮೈಸೂರಿನಲ್ಲಿಯೂ ಇದರ ವಿಭಾಗಗಳು ಆರಂಭವಾದವು. ಮೈಸೂರಿನ ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ, ಬುದ್ಧಿಶಕ್ತಿಯ ಅಳತೆಗೆ ಹೆಸರಾದ ಸ್ಪಿಯರ್‌ಮನ್ನರ ಬಳಿ ಕಲಿತು ಬಂದವರು. ಅಳತೆಯು ಹೀಗೆ ಈ ಶಾಸ್ತ್ರದೊಡನೆಯೇ ನಮ್ಮ ನಾಡಿಗೆ ಬಂದಿತು.

ಮೊದಲ ನಿರಾಶೆಯು ಕಳೆದ ಮೇಲೆ ಎರಡನೆಯ ಘಟ್ಟ. ಮನೋರೋಗಗಳ ಅಧ್ಯಾಯವನ್ನು ಓದುವಾಗ ವಿದ್ಯಾರ್ಥಿಗೆ ಪ್ರತಿಯೊಂದು ಲಕ್ಷಣವೂ ತನ್ನಲ್ಲಿಯೇ ಇದ್ದಂತೆ ತೋರುತ್ತದೆ. ವೈದ್ಯ ವಿದ್ಯಾರ್ಥಿಗಳಿಗೂ ಹೀಗಾಗುವುದುಂಟು. ಇದು ಅಪಾಯವಿಲ್ಲದ ಭಯ. ಮೂರನೆಯ ಘಟ್ಟವೇ ಅಪಾಯದ್ದು. ಆಗ ಅವನು ತನ್ನನ್ನು ಬಿಟ್ಟು ಇತರರನ್ನು ನೋಡತೊಡಗುತ್ತಾನೆ. ತಂದೆಯ ಮುಂಗೋಪಕ್ಕೆ ಒಂದು ಹೆಸರು, ಅಜ್ಜಿಯ ಮಡಿಗೆ ಒಂದು ಹೆಸರು, ಗೆಳೆಯನ ಮೌನಕ್ಕೆ ಇನ್ನೊಂದು. ಹೆಸರಿಟ್ಟೊಡನೆ ಅರ್ಥವಾಯಿತೆಂಬ ಭ್ರಮೆ ಹುಟ್ಟುತ್ತದೆ. ಅರ್ಥವಾಯಿತೆಂದ ಮೇಲೆ ಕೇಳುವುದು ನಿಂತುಹೋಗುತ್ತದೆ.

ನಾನು ಆ ಘಟ್ಟದಲ್ಲಿದ್ದಾಗ ಶಿಕ್ಷಕ ತರಬೇತಿಯ ವಿದ್ಯಾರ್ಥಿಯಾಗಿದ್ದೆ. ಶೈಕ್ಷಣಿಕ ಮನಶ್ಶಾಸ್ತ್ರದ ಭಾಗವಾಗಿ, ಪಾಠ ಹೇಳಲು ಹೋದ ಶಾಲೆಯ ಒಬ್ಬ ವಿದ್ಯಾರ್ಥಿಯನ್ನು ಆರಿಸಿಕೊಂಡು, ಅವನ ಬುದ್ಧಿಯನ್ನು ಪರೀಕ್ಷಿಸಿ, ಮನೆಗೆ ಹೋಗಿ ವಿಚಾರಿಸಿ, ಒಂದು ವರದಿಯನ್ನು ಬರೆಯಬೇಕಾಗಿತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗನನ್ನು ನಾನು ಆರಿಸಿಕೊಂಡೆ. ಪರೀಕ್ಷೆಯ ಹಾಳೆಯು ತೆಲುಗಿನಲ್ಲಿತ್ತು. ಹುಡುಗನು ನಡುವೆ ತಲೆಯೆತ್ತಿ, ಒಂದು ಮಾತಿನ ಮೇಲೆ ಬೆರಳಿಟ್ಟು, "ಸಾರ್, ಇದಕ್ಕೆ ನಮ್ಮ ಮಾತಾಗ ಏನಂತಾರೆ?" ಎಂದು ಕನ್ನಡದಲ್ಲಿ ಕೇಳಿದನು. ಪರೀಕ್ಷಕನು ಸಹಾಯ ಮಾಡಕೂಡದೆಂಬುದು ನಿಯಮ. ನನ್ನ ಮನೆಯ ಮಾತೂ ಅವನದೇ. ಆದರೂ ನಾನು ಗಡಿಯಾರವನ್ನು ನೋಡುತ್ತ ಸುಮ್ಮನಿದ್ದೆ. ಅಂಕಗಳು ಕಡಮೆ ಬಂದವು. ಮನೆಗೆ ಹೋಗಲು ಬಿಡುವಾಗದೆ, ಆ ಪುಟವನ್ನು ಊಹೆಯಿಂದ ತುಂಬಿದೆ. 'ಬುದ್ಧಿಶಕ್ತಿಯು ಸರಾಸರಿಗಿಂತ ಕೆಳಮಟ್ಟದ್ದು' ಎಂದು ಅಂದವಾದ ಅಕ್ಷರಗಳಲ್ಲಿ ಬರೆದೆ. ವರದಿಗೆ ಒಳ್ಳೆಯ ಅಂಕಗಳು ಬಂದವು.

ಕೆಲವು ವಾರಗಳಾದ ಮೇಲೆ ರಾಯದುರ್ಗದ ಬೀದಿಯಲ್ಲಿ ಅವನ ತಾಯಿ ನನ್ನನ್ನು ಗುರುತಿಸಿ ನಿಲ್ಲಿಸಿದಳು. ಜೀನ್ಸ್ ಪ್ಯಾಂಟುಗಳನ್ನು ಕೂಲಿಗೆ ಹೊಲಿಯುವ ಹೆಂಗಸು. "ನಮ್ ಹುಡುಗನ ತಲೆ ಓಡಲ್ಲ ಅಂತ ನೀವೇ ಬರ್ದು ಕೊಟ್ರಂತಲ್ಲ ಸಾರ್? ನಾವು ಹೊಲಿದಿದ್ದರ ಲೆಕ್ಕಾನೆಲ್ಲ ಅವ್ನೇ ಬಾಯಾಗೆ ಹೇಳ್ತಾನಲ್ಲ?" ಎಂದಳು. ಅವಳ ಧ್ವನಿಯಲ್ಲಿ ಕೋಪವಿರಲಿಲ್ಲ; ಓದಿದವರು ಬರೆದುದು ಸುಳ್ಳಿರಲಾರದೆಂಬ ನಂಬಿಕೆಯಿತ್ತು, ಕಣ್ಣಾರೆ ಕಂಡುದೂ ಸುಳ್ಳಲ್ಲವೆಂಬ ಗೊಂದಲವಿತ್ತು. ಒಂದೊಂದು ಬಗೆಯ ಹೊಲಿಗೆಗೆ ಒಂದೊಂದು ದರ. ವಾರದ ಕೊನೆಗೆ ಎಲ್ಲವನ್ನೂ ಕೂಡಿಸಿ, ಮುಂಗಡವನ್ನು ಕಳೆದು, ಕೈಗೆ ಬರಬೇಕಾದ ಹಣವನ್ನು ಆ ಹುಡುಗನು ಕಾಗದವಿಲ್ಲದೆ ಹೇಳುತ್ತಿದ್ದನು. ನಾನು ಅವರ ಮನೆಗೆ ಹೋಗಿದ್ದರೆ ಇದು ಅರ್ಧ ಗಂಟೆಯಲ್ಲಿ ತಿಳಿಯುತ್ತಿತ್ತು.

ಈ ಸಂಗತಿಯನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ, ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲ್ಲೂಕು ಆ ರಾಜ್ಯಕ್ಕೆ ಸೇರಿತು. ಮನೆಯಲ್ಲಿ ಒಂದು ಮಾತು, ಕಛೇರಿಯಲ್ಲಿ ಇನ್ನೊಂದು, ವಿಶ್ವವಿದ್ಯಾನಿಲಯದ ಗ್ರಂಥದಲ್ಲಿ ಮತ್ತೊಂದು ಎಂಬುದು ನಮಗೆ ನಿತ್ಯದ ಅನುಭವ. ಆ ಮಾತುಗಳ ನಡುವಣ ದೂರವನ್ನು ಮಗುವಿನ ಬುದ್ಧಿಯ ಕೊರತೆಯೆಂದು ಎಣಿಸುವುದು ಸುಲಭ.

ಇಂತಹ ತಪ್ಪು ನನ್ನೊಬ್ಬನದೇ ಅಲ್ಲವೆಂದು ಆಮೇಲೆ ಓದಿ ತಿಳಿದೆ. ಬುದ್ಧಿಯನ್ನು ಅಳೆಯುವ ಮೊದಲ ಮಾಪಕವನ್ನು ಫ್ರಾನ್ಸಿನ ಆಲ್‌ಫ್ರೆಡ್ ಬಿನೆಯು ತನ್ನ ಸಹಾಯಕ ಸಿಮೋನನೊಡನೆ 1905ರಲ್ಲಿ ರಚಿಸಿದನು. ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದು ಅವನ ಉದ್ದೇಶ. ಮಗುವಿನ ಬುದ್ಧಿಯು ಬದಲಾಗದ ಮೊತ್ತವೆಂದು ಹೇಳುವವರನ್ನು ಅವನು ಖಂಡಿಸಿದ್ದನು. ಆದರೆ ಅದೇ ಮಾಪಕವನ್ನು ಅಮೆರಿಕಕ್ಕೆ ಒಯ್ದ ಗೊಡಾರ್ಡ್ ಎಂಬಾತನ ಸಹಾಯಕರು, 1913ರಲ್ಲಿ ಎಲ್ಲಿಸ್ ದ್ವೀಪದಲ್ಲಿ ಹಡಗಿನಿಂದ ಇಳಿದ ಪರದೇಶದ ಬಡವರನ್ನು ಅದರಿಂದ ಪರೀಕ್ಷಿಸಿದರು. ದೀರ್ಘ ಪ್ರಯಾಣದಿಂದ ದಣಿದ, ಭಾಷೆ ತಿಳಿಯದ ಆ ಜನರಲ್ಲಿ ಹಲವರು ಮಂದಬುದ್ಧಿಯವರೆಂದು ದಾಖಲಾದರು. ನೆರವಿಗೆಂದು ಹುಟ್ಟಿದ ಉಪಕರಣವು ತೀರ್ಪಿನ ಉಪಕರಣವಾಯಿತು. ಇದಕ್ಕೆ ಬೇರೊಂದು ದಾರಿಯೂ ಇತ್ತೆಂಬುದನ್ನು 1930ರ ದಶಕದಲ್ಲಿ ನಮ್ಮವರೇ ಆದ ವಿ. ವಿ. ಕಾಮತರು ತೋರಿಸಿದರು. ಅವರು ಬಿನೆಯ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಅವರವರ ಭಾಷೆಯಲ್ಲಿ ಹೊಂದಿಸಿದರು. ಅಳೆಯುವುದಕ್ಕೆ ಮುಂಚೆ ಅಳತೆಗೋಲನ್ನು ತಿದ್ದಬೇಕೆಂಬ ವಿವೇಕ ಅದು.

ಹಾಗಾದರೆ ಹೆಸರಿಡುವುದೇ ಪಾಪವೇ? ಹಾಗೆಂದರೆ ಇನ್ನೊಂದು ತಪ್ಪಾದೀತು. ಅಕ್ಷರಗಳನ್ನು ತಿರುಗಿಸಿ ಬರೆದು, ಸೋಮಾರಿಯೆಂದು ದಿನವೂ ಬೈಸಿಕೊಳ್ಳುವ ಮಗುವಿದೆಯೆನ್ನಿ. ಅದು ಓದುವುದರಲ್ಲಿನ ಒಂದು ವಿಶೇಷ ತೊಂದರೆ, ಮಗುವಿನ ತಪ್ಪಲ್ಲ ಎಂದು ತಿಳಿದವರು ಹೇಳಿದ ದಿನ ಆ ಮಗುವಿಗೆ ಬಿಡುಗಡೆ. ಮೂರು ತಿಂಗಳಿನಿಂದ ನಿದ್ರೆಯಿಲ್ಲದೆ ಮೂಲೆ ಹಿಡಿದು ಕುಳಿತವಳಿಗೆ, ಇದು ಗ್ರಹಚಾರವಲ್ಲ, ಚಿಕಿತ್ಸೆಯಿರುವ ಕಾಯಿಲೆ ಎಂದು ಹೇಳಿದರೆ, ಆ ಹೆಸರೇ ಅರ್ಧ ಔಷಧ. ಈ ತಿಳಿವಳಿಕೆಯನ್ನು ಕನ್ನಡದಲ್ಲಿ ಮನೆಮನೆಗೆ ಮುಟ್ಟಿಸಲು ಡಾ. ಎಂ. ಶಿವರಾಂ ಅವರಂತಹ ವೈದ್ಯರು ದುಡಿದರು. ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ದೊರೆಯಿತು. ಹೆಸರಿಡಬೇಡವೆಂದು ಸುಮ್ಮನಾಗುವುದು ಕೆಲವೊಮ್ಮೆ ಹೇಡಿತನವೇ.

ಆದರೂ ಹೆಸರಿಗೆ ತನ್ನದೇ ಆದ ಆಯುಸ್ಸುಂಟು. ಕಾಯಿಲೆ ಹೋದ ಮೇಲೂ ಅದು ಉಳಿಯುತ್ತದೆ. ಇದನ್ನು ಚೆನ್ನಾಗಿ ಕಂಡವರು ತ್ರಿವೇಣಿ. ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ಓದಿ ಪದವಿ ಪಡೆದ ಅವರು 1963ರಲ್ಲಿ ಕಿರಿಯ ವಯಸ್ಸಿನಲ್ಲಿಯೇ ತೀರಿಕೊಂಡರು. ಅವರ 'ಶರಪಂಜರ'ದ ಕಾವೇರಿಯು ಮನೋರೋಗದಿಂದ ಗುಣಹೊಂದಿ ಮನೆಗೆ ಮರಳುತ್ತಾಳೆ. ಆದರೆ ಅವಳ ನಗುವನ್ನೂ ಸಿಟ್ಟನ್ನೂ ಮನೆಯವರು ಹಳೆಯ ಹೆಸರಿನ ಮೂಲಕವೇ ನೋಡುತ್ತಾರೆ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರವಾಗಿಸಿದಾಗ ನಾಡೇ ಮರುಗಿತು. ಮನಶ್ಶಾಸ್ತ್ರವನ್ನು ಓದಿದ ಅವರು ಆ ಕಥೆಯಲ್ಲಿ ರೋಗಿಯನ್ನಲ್ಲ, ನೋಡುವವರ ಕಣ್ಣನ್ನು ಪರೀಕ್ಷೆಗೆ ಒಡ್ಡಿದರು.

ಹೀಗೆ ಹೆಸರು ಬೇಕು, ಹೆಸರಿನ ಭಯವೂ ಬೇಕು. ಎರಡರ ನಡುವೆ ನಡೆಯಲು ನಾನು ಒಂದು ಕಟ್ಟಳೆಯನ್ನು ಹಾಕಿಕೊಂಡಿದ್ದೇನೆ. ವಿಶ್ವವಿದ್ಯಾನಿಲಯದಲ್ಲಿ ಕಲಿತ ಯಾವ ಪದವನ್ನಾದರೂ ಒಂದು ಮಗುವಿನ ಮೇಲೆ ಬರೆಯುವ ಮುಂಚೆ, ಅದನ್ನು ಆ ಮಗುವಿನ ತಾಯಿಯ ಎದುರು ನಿಂತು, ಅವಳ ಮನೆಯ ಮಾತಿನಲ್ಲಿ ಹೇಳಲಾರೆನೇ ಎಂದು ಕೇಳಿಕೊಳ್ಳುತ್ತೇನೆ. ಹಾಗೆ ಹೇಳಹೊರಟಾಗ 'ಸರಾಸರಿಗಿಂತ ಕೆಳಮಟ್ಟ' ಎಂಬ ಗಂಭೀರ ಪದವು 'ದಡ್ಡ' ಎಂಬ ಬರಿಯ ಬೈಗುಳವಾದರೆ, ಅದು ಜ್ಞಾನವಲ್ಲವೆಂದು ಗೊತ್ತಾಗುತ್ತದೆ. 'ಇವನಿಗೆ ಈ ಕೆಲಸ ಕಷ್ಟವಾಗುತ್ತದಮ್ಮಾ, ಹೀಗೆ ಮಾಡಿದರೆ ಸುಲಭವಾದೀತು' ಎಂದಾದರೆ, ಅದನ್ನು ಬರೆಯಬಹುದು. ಇದರ ಜೊತೆಗೆ ಅವಳು ತಿರುಗಿ ಹೇಳುವ ಮಾತನ್ನು ಕೇಳುವ ತಾಳ್ಮೆಯೂ ಇರಬೇಕು. ಏಕೆಂದರೆ ಆ ಮಗುವಿನ ವಿಷಯದಲ್ಲಿ ಹೆಚ್ಚು ವರ್ಷ ಅಧ್ಯಯನ ಮಾಡಿದವಳು ಅವಳೇ.

ಆ ತಾಯಿಗೆ ನಾನು ಅಂದು ಸರಿಯಾದ ಉತ್ತರವನ್ನು ಕೊಡಲಿಲ್ಲ. ಮರುದಿನ ಶಾಲೆಗೆ ಹೋಗಿ, ವರದಿಯು ತಪ್ಪೆಂದು ಹೇಳಿದೆ. ಅದು ಆಗಲೇ ಕಡತಕ್ಕೆ ಸೇರಿತ್ತು. ಮುಂದಿನ ವರ್ಷ ಹುಡುಗನು ಶಾಲೆಗೆ ಬರಲಿಲ್ಲವೆಂದು ಕೇಳಿದೆ. ಅದಕ್ಕೆ ಬಡತನವೂ ಕಾರಣವಿದ್ದೀತು, ಭಾಷೆಯೂ ಕಾರಣವಿದ್ದೀತು. ಆ ಕಾರಣಗಳ ನಡುವೆ ನನ್ನದೊಂದು ವಾಕ್ಯವೂ ಇತ್ತೋ ಏನೋ ಎಂಬ ಯೋಚನೆಯು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ನಮ್ಮ ಶಾಲೆಗಳ ಹುಡುಗ ಹುಡುಗಿಯರಲ್ಲಿ ಕೆಲವರು ನಾಳೆ ಬಳ್ಳಾರಿಗೋ ಅನಂತಪುರಕ್ಕೋ ಬೆಂಗಳೂರಿಗೋ ಹೋಗಿ ಈ ಶಾಸ್ತ್ರವನ್ನು ಓದುವರು. ಓದಲೇಬೇಕು, ನಮ್ಮ ಮಕ್ಕಳನ್ನು ನಮ್ಮ ಮಾತಿನಲ್ಲಿ ಕೇಳಬಲ್ಲವರು ನಮಗೆ ಬೇಕಾಗಿದ್ದಾರೆ. ಅವರೂ ಒಂದು ದಿನ ಗಡಿಯಾರವನ್ನು ಹಿಡಿದು ಒಂದು ಮಗುವಿನ ಎದುರು ಕುಳಿತಿರುವರು. ಆ ಮಗುವು ತಲೆಯೆತ್ತಿ, "ಇದಕ್ಕೆ ನಮ್ಮ ಮಾತಾಗ ಏನಂತಾರೆ?" ಎಂದು ಕೇಳಿದಾಗ, ಗಡಿಯಾರವನ್ನು ಕೆಳಗಿಟ್ಟು ಉತ್ತರ ಹೇಳಲಿ. ಆ ದಿನದ ಅಂಕವನ್ನು ಬರೆಯದಿದ್ದರೂ ಚಿಂತೆಯಿಲ್ಲ. ಪರೀಕ್ಷೆಯನ್ನು ಇನ್ನೊಂದು ದಿನ, ಮಗುವಿನ ಮಾತಿನಲ್ಲಿಯೇ, ಮಾಡಬಹುದು.