ಯಾರ ಅನುಕೂಲ?

ಕಳೆದ ಹೊತ್ತು ಮರಳಿ ಬಾರದೆಂಬ ಹಿರಿಯರ ಮಾತಿಗೆ ಈಗ ಒಂದು ಪುಟ್ಟ ಪೆಟ್ಟಿಗೆ ಎದುರಾಡುತ್ತಿದೆ. ದೂರದರ್ಶನದ ಕಾರ್ಯಕ್ರಮವನ್ನು ತನ್ನೊಳಗೆ ಬರೆದಿಟ್ಟುಕೊಂಡು, ಬೇಕೆಂದಾಗ ತೋರಿಸುವ ಪೆಟ್ಟಿಗೆ ಅದು. 2008ರಲ್ಲಿ ಟಾಟಾ ಸ್ಕೈ ಪ್ಲಸ್ ಎಂಬ ಹೆಸರಿನಿಂದಲೂ ನಮ್ಮ ದೇಶದಲ್ಲಿ ಬಂದಿತು.

1987ರ ಜನವರಿಯಲ್ಲಿ ರಾಮಾನಂದ ಸಾಗರರ ‘ರಾಮಾಯಣ’ ಆರಂಭವಾದಾಗ, ಎಷ್ಟೋ ಊರುಗಳಲ್ಲಿ ಭಾನುವಾರ ಬೆಳಗ್ಗೆ ಟಿ.ವಿ. ಇದ್ದ ಮನೆಗೆ ನೆರೆಹೊರೆಯೆಲ್ಲ ಬಂದು ಸೇರುತ್ತಿತ್ತು. ಆ ಕೂಟವನ್ನು ನೆನೆದು ನಾವು ನಿಟ್ಟುಸಿರಿಡುತ್ತೇವೆ. ಆದರೆ ಬಂದವರಿಗೆಲ್ಲ ಕಾಫಿ ಕಾಸುತ್ತ ಒಳಗೆ ನಿಂತವಳು ಕಂಡದ್ದೆಷ್ಟು? ಆಕೆಯ ಪಾಲಿಗೆ ದಕ್ಕಿದ್ದು ಧ್ವನಿ ಮಾತ್ರ.

ಸಕಲೇಶಪುರ, ಆಲೂರಿನ ಗುಡ್ಡದ ಮನೆಗಳಲ್ಲಿ ಕಾಫಿ ಕೊಯ್ಲಿನ ಕಾಲವನ್ನು ಕಂಡವರು ಈ ಪ್ರಶ್ನೆಯನ್ನು ಬಲ್ಲರು. ಹಗಲೆಲ್ಲ ಕಣದಲ್ಲಿ ದುಡಿದು ಸಂಜೆ ಒಲೆ ಹೊತ್ತಿಸುವವಳಿಗಾಗಿ ಧಾರಾವಾಹಿ ಕಾಯದು, ಪೆಟ್ಟಿಗೆ ಕಾಯುತ್ತದೆ. ಇದನ್ನು ಸೋಮಾರಿತನವೆಂದು ಹಳಿಯುವುದು ತಪ್ಪು, ಇದು ನ್ಯಾಯ.

ಆದರೆ ಅರ್ಧ ನ್ಯಾಯ. ರಾತ್ರಿ ಹತ್ತಕ್ಕೆ ಆಕೆ ನೋಡಲು ಕುಳಿತಾಗ ಮನೆಯವರು ಮಲಗಿರುತ್ತಾರೆ. ನಗು ಬಂದರೆ ಜೊತೆಗೆ ನಗುವವರಿಲ್ಲ. ಮೇಲಾಗಿ, ‘ಅವಳು ಆಮೇಲೆ ನೋಡಿಕೊಳ್ಳುತ್ತಾಳೆ’ ಎಂಬ ಮಾತು ನಮಗೆ ಹಿತವಾಗಿದೆ. ಆಕೆಯ ಕೆಲಸದಲ್ಲಿ ಪಾಲು ಪಡೆಯುವ ಹೊಣೆ ಅದರಿಂದ ತಪ್ಪಿತಲ್ಲ!

ಯಂತ್ರವನ್ನು ದೂರಿ ಫಲವಿಲ್ಲ. ನಡೆಯುತ್ತಿರುವ ಆಟವನ್ನೇ ತಡೆದು ನಿಲ್ಲಿಸುವ ಗುಂಡಿಯೂ ಅದರಲ್ಲಿದೆ. ಅದನ್ನೊತ್ತಿ, ಎದ್ದುಹೋಗಿ ನಾಲ್ಕು ರೊಟ್ಟಿ ತಟ್ಟಿಕೊಟ್ಟು, ಆಕೆಯನ್ನು ಕರೆದುಕೊಂಡು ಬಂದು ಕುಳಿತರಾಯಿತು. ಕಾಯುವ ಕೆಲಸವನ್ನು ಪೆಟ್ಟಿಗೆಯೊಂದಕ್ಕೇ ಏಕೆ ಒಪ್ಪಿಸಬೇಕು?