ಕಾಟಾ ಸುಳ್ಳು ಹೇಳಿತೋ, ನಾವೋ?



ತೂಕದ ಮಾತು ನಮ್ಮ ಗಡಿನಾಡ ಭಕ್ತರಿಗೆ ಹೊಸದಲ್ಲ. ನಿಮ್ಮಲ್ಲಿ ಬಹಳ ಮಂದಿ ತೂಗುವವರು, ಇಲ್ಲವೆ ತೂಗಿಸುವವರು. ಅಕ್ಕಲಕೋಟೆಯ ತೊಗರಿ, ಜತ್ತಿನ ದಾಳಿಂಬೆ, ಸೊಲ್ಲಾಪುರದ ಮಾರುಕಟ್ಟೆಗೆ ಹೋಗುವ ಉಳ್ಳಾಗಡ್ಡಿ, ಕಾರಖಾನೆಗೆ ಹೋಗುವ ಕಬ್ಬು, ಇವೆಲ್ಲವೂ ಕಾಟಾ ಹತ್ತಿ ಇಳಿದ ಮೇಲೆಯೇ ರೊಕ್ಕವಾಗುತ್ತವೆ. ಹೊಲದಲ್ಲಿ ತಿಂಗಳುಗಟ್ಟಲೆ ದುಡಿದದ್ದು ಕಾಟಾದ ಮೇಲೆ ಅರ್ಧ ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಆದ್ದರಿಂದ ಕಾಟಾದ ಮೇಲೆ ನಿಮ್ಮ ಕಣ್ಣು ಸದಾ ಇರುತ್ತದೆ. ಈ ಸಲ ನಾವು ಹೇಳಹೊರಟಿರುವುದು ಪೇಟೆಯ ಕಾಟಾದ ಮಾತಲ್ಲ. ಮನೆಯ ಬಚ್ಚಲಲ್ಲಿ ಗೋಡೆಗೆ ಆನಿಸಿ ಇಟ್ಟಿರುತ್ತೀರಲ್ಲ, ಮೈತೂಕ ನೋಡುವ ಸಣ್ಣ ಕಾಟಾ, ಅದರ ಮಾತು.

ಸೊಲ್ಲಾಪುರದ ಸಿದ್ಧರಾಮೇಶ್ವರರ ಸಂಕ್ರಾಂತಿಯ ಜಾತ್ರೆ ಮುಗಿಸಿಕೊಂಡು ನಾವು ಅಕ್ಕಲಕೋಟೆ ತಾಲೂಕಿನ ಒಂದು ಊರಿಗೆ ಹೋಗಿದ್ದೆವು. ಅಲ್ಲಿ ಒಬ್ಬ ಭಕ್ತರ ಮನೆಯಲ್ಲಿ ನಮ್ಮ ಬಿಡಾರ. ಮಗನದು ಪೇಟೆಯಲ್ಲಿ ಅಡತಿ ಅಂಗಡಿ. ತಂದೆ ಎಪ್ಪತ್ತು ದಾಟಿದ ಒಕ್ಕಲಿಗರು, ಮಠಕ್ಕೆ ನಡೆದುಕೊಳ್ಳುವವರಲ್ಲಿ ಹಿರಿಯರು. ಪಾದ ಮುಟ್ಟಲು ಬಗ್ಗಿದವರು ಎದ್ದು ನಿಲ್ಲುವಾಗ ಏದುಸಿರು ಬಿಟ್ಟರು. ಅವರ ಕಾಲು ನೋಡಿದೆವು. ಚಪ್ಪಲಿಯ ಪಟ್ಟಿ ಇದ್ದಲ್ಲಿ ಆಳವಾದ ಗೆರೆ ಮೂಡಿತ್ತು. ಅದರ ಎರಡೂ ಕಡೆ ಕಾಲು ಉಬ್ಬಿತ್ತು.

"ಏನ್ರಿ ಯಜಮಾನ್ರ, ಕಾಲು ಬಾತಾವಲ್ಲ?" ಎಂದು ಕೇಳಿದೆವು.

"ಜಾತ್ರ್ಯಾಗ ಅಡ್ಡಾಡಿದ್ದಕ್ಕ ಅಪ್ಪಾರ. ನಾಕ ದಿನದಾಗ ಇಳೀತಾವ," ಎಂದರು.

ಮಗ ಒಳಗಿನ ಸಂಗತಿ ಹೇಳಿದ. ತಂದೆಗೆ ಹೃದಯದ ಬಲ ಕಡಿಮೆ. ಸೊಲ್ಲಾಪುರದ ಡಾಕ್ಟರರು ಗುಳಿಗೆ ಕೊಟ್ಟು, ಉಪ್ಪು ಕಡಿಮೆ ಮಾಡಿಸಿ, ಒಂದು ನೇಮ ಹಾಕಿಕೊಟ್ಟಿದ್ದರು: ದಿನಾ ಮುಂಜಾನೆ ತೂಕ ನೋಡಿ ವಹಿಯಲ್ಲಿ ಬರೆಯಬೇಕು, ಮೂರು ದಿನದೊಳಗೆ 2 ಕಿಲೊಕ್ಕಿಂತ ಹೆಚ್ಚು ಏರಿದರೆ ತಡಮಾಡದೆ ತಿಳಿಸಬೇಕು. ವಹಿ ತರಿಸಿ ನೋಡಿದೆವು. ವಾರದಿಂದ 64, 64, 63.8, ಮತ್ತೆ 64. ಎಲ್ಲವೂ ಸರಿಯಾಗಿಯೇ ಇತ್ತು. ಕಾಲು ಮಾತ್ರ ಬೇರೆ ಹೇಳುತ್ತಿತ್ತು.

"ಈ ಅಂಕಿ ಖರೇ ಏನಪಾ?" ಎಂದರೆ ಮಗ ತಲೆ ಕೆರೆದುಕೊಂಡ. "ಆ ಕಾಟಾ ಬರೋಬರಿ ಇಲ್ರಿ ಅಪ್ಪಾರ. ಒಮ್ಮೆ 64 ತೋರಸ್ತದ, ಒಮ್ಮೆ 67, ಒಮ್ಮೆ 69. ನಾವು ಅದನ್ನ ನಂಬೂದ ಬಿಟ್ಟೇವಿ."

"ಹಂಗಾದ್ರ 64 ಅಂತ ಬರದವರ್ಯಾರು?"

ಯಾರೂ ಮಾತಾಡಲಿಲ್ಲ. ಕೊನೆಗೆ ಹಿರಿಯರೇ ನೆಲ ನೋಡುತ್ತ ಹೇಳಿದರು. ಮೂರು ನಾಲ್ಕು ಸಲ ಹತ್ತಿ ಇಳಿಯುವುದು, ಅದರಲ್ಲಿ ಯಾವುದು ಕಡಿಮೆಯೋ ಅದನ್ನು ಬರೆಯುವುದು. ಹೆಚ್ಚು ಬರೆದರೆ ಮಗ ಆಸ್ಪತ್ರೆಗೆ ಕರೆದೊಯ್ಯುತ್ತಾನೆ, ಜಾತ್ರೆ ತಪ್ಪುತ್ತದೆ, ಸಂಕ್ರಾಂತಿಯ ಊಟದಲ್ಲಿ ಹಪ್ಪಳ ಉಪ್ಪಿನಕಾಯಿ ತಪ್ಪುತ್ತದೆ ಎಂಬ ಅಂಜಿಕೆ.

ನಾವು ಮಗನಿಗೆ ಒಂದೇ ಪ್ರಶ್ನೆ ಕೇಳಿದೆವು. "ಅಂಗಡಿ ಕಾಟಾ ಹಿಂಗ ಮಾಡಿದ್ರ ಏನ್ ಮಾಡ್ತಿದ್ದಿ?"

"ಮುದ್ರಿ ಇದ್ದ ಕಲ್ಲು ಇಟ್ಟು ನೋಡ್ತಿದ್ದೆ," ಎಂದ. ಅಂದವನೇ ಎದ್ದು ಹೋಗಿ ಅಂಗಡಿಯಿಂದ 20 ಕಿಲೊ ಕಬ್ಬಿಣದ ಕಲ್ಲು ತಂದ.

ಬಚ್ಚಲ ಫರಸಿಯ ಮೇಲೆ ಕಾಟಾ ಇದ್ದಲ್ಲಿಯೇ ಕಲ್ಲು ಇಟ್ಟರು. ಒಮ್ಮೆ 19.2, ತುಸು ಸರಿಸಿ ಇಟ್ಟರೆ 20.9, ಮತ್ತೊಮ್ಮೆ 18.6. ಆಮೇಲೆ ಕಾಟಾವನ್ನು ಪಡಸಾಲೆಗೆ ತಂದು, ಸಮನೆಲ ಇದ್ದ ಕಡೆ ಇಟ್ಟರು. ಒಂದು ಸಲ ಕಾಲಿನಿಂದ ಒತ್ತಿ, ಸೊನ್ನೆ ಬಂದ ಮೇಲೆ ಕಲ್ಲು ಇಟ್ಟರು. 20.2. ಕೆಲವು ಕಾಟಾಗಳು ಹಿಂದಿನ ಅಂಕಿಯನ್ನು ನೆನಪಿಟ್ಟುಕೊಂಡು ಅದನ್ನೇ ಮತ್ತೆ ತೋರಿಸುತ್ತವೆ. ಅದಕ್ಕಾಗಿ ನಡುವೆ ಮೊಮ್ಮಗನನ್ನು ಹತ್ತಿಸಿ ಇಳಿಸಿ ಮತ್ತೆ ಕಲ್ಲು ಇಟ್ಟರು. 20.2. ಮೂರನೆಯ ಸಲ 20.3. ಕಾಟಾ ನೆಟ್ಟಗಿತ್ತು. ಅದು ನಿಂತ ನೆಲ ನೆಟ್ಟಗಿರಲಿಲ್ಲ. ಬಚ್ಚಲ ನೆಲವನ್ನು ನೀರು ಹರಿಯಲೆಂದು ಇಳಿಜಾರು ಮಾಡಿರುತ್ತಾರೆ. ಈ ಕಾಟಾದ ನಾಲ್ಕು ಮೂಲೆಯ ನಾಲ್ಕು ಕಾಲುಗಳಲ್ಲಿ ತೆಳು ಲೋಹದ ಪಟ್ಟಿಗಳಿರುತ್ತವೆ. ಭಾರ ಬಿದ್ದಾಗ ಅವು ಕೂದಲೆಳೆಯಷ್ಟು ಬಾಗುತ್ತವೆ. ಆ ಬಾಗನ್ನು ಅಳೆದು ಕಾಟಾ ಅಂಕಿ ಹೇಳುತ್ತದೆ. ನಾಲ್ಕರಲ್ಲಿ ಒಂದು ಕಾಲು ಫರಸಿಯ ಸಂದಿಯಲ್ಲಿ ಸಿಕ್ಕರೆ, ಇಲ್ಲವೆ ನೆಲ ಬಿಟ್ಟು ನಿಂತರೆ, ಲೆಕ್ಕವೆಲ್ಲ ತಪ್ಪು.

ಆಮೇಲೆ ಹಿರಿಯರನ್ನು ಪಡಸಾಲೆಯ ಕಾಟಾದ ಮೇಲೆ ನಿಲ್ಲಿಸಿದರು. 68.6.

ಮನೆಯೆಲ್ಲ ಗಪ್ಪಾಯಿತು. 64 ಇದ್ದವರು ನಾಲ್ಕೂವರೆ ಕಿಲೊ ಏರಿದ್ದರು. ಅದು ಉಂಡು ಬೆಳೆದ ಮೈಯಲ್ಲ, ಮೈಯಲ್ಲಿ ನಿಂತ ನೀರು. ಹೃದಯ ಸೋತಾಗ ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಒಂದು ಲೀಟರ್ ನೀರೆಂದರೆ ಒಂದು ಕಿಲೊ. ಕಾಲು ಬಾಯುವ ಹೊತ್ತಿಗೆ ಒಳಗೆ ಬಹಳಷ್ಟು ನೀರು ಸೇರಿರುತ್ತದೆ. ಕಾಟಾ ಮಾತ್ರ ಅದಕ್ಕೆ ಮುಂಚೆಯೇ ಹೇಳುತ್ತದೆ, ಕೇಳುವವರಿದ್ದರೆ. ಆ ರಾತ್ರಿಯೇ ಡಾಕ್ಟರರಿಗೆ ಫೋನು ಹೋಯಿತು, ಬೆಳಗಾಗುತ್ತಲೇ ಗಾಡಿ ಸೊಲ್ಲಾಪುರದ ಹಾದಿ ಹಿಡಿಯಿತು. ಕೆಲವು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ನೀರಿಳಿಸಿ ಕಳಿಸಿದರು. ಈಗ ಹಿರಿಯರು ಮನೆಯಲ್ಲಿದ್ದಾರೆ, ಪೂಜೆ ಪ್ರಸಾದ ನಡೆದಿದೆ. ಇನ್ನೊಂದು ವಾರ ಆ ವಹಿಯನ್ನು ನಂಬಿದ್ದರೆ ಏನಾಗುತ್ತಿತ್ತೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಬಂಧುಗಳೇ, ಆ ಮನೆಯಲ್ಲಿ ಎರಡು ತಪ್ಪು ನಡೆದವು. ಕಾಟಾ ಓಲಾಡಿದ್ದು ಒಂದು. ಓಲಾಡಿದ್ದರಲ್ಲಿ ತಮಗೆ ಹಿತವಾದ ಅಂಕಿಯನ್ನು ಆರಿಸಿಕೊಂಡದ್ದು ಇನ್ನೊಂದು. ಮೊದಲನೆಯ ತಪ್ಪು ಜಾಗ ಬದಲಿಸಿದರೆ ಹೋಯಿತು. ಎರಡನೆಯದಕ್ಕೆ ಮನಸ್ಸನ್ನೇ ಬದಲಿಸಬೇಕಾಗುತ್ತದೆ. ಕಾಟಾ ಸುಳ್ಳು ಹೇಳುತ್ತದೆಂದು ಗೊತ್ತಿದ್ದ ಹಿರಿಯರು ಆ ಸುಳ್ಳಿನ ಆಶ್ರಯದಲ್ಲಿ ತಾವೊಂದು ಸುಳ್ಳು ಬರೆದರು. ಅವರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಮಠದಲ್ಲಿ ನಮಗೂ ಒಂದು ಕಾಟಾ ಇದೆ. ಸಿಹಿ ಕಡಿಮೆ ಮಾಡಿರೆಂದು ನಮಗೂ ಡಾಕ್ಟರರ ಅಪ್ಪಣೆಯಿದೆ. ಭಕ್ತರ ಮನೆಯ ಹೋಳಿಗೆ ಉಂಡು ಬಂದ ಮರುದಿನ ನಾವು ಆ ಕಾಟಾದ ಕಡೆ ತಿರುಗದೆ ಹೋದದ್ದುಂಟು. ಆ ಊರಿನಿಂದ ಬಂದ ಮೇಲೆ ನಾವೂ ವಹಿ ಇಟ್ಟಿದ್ದೇವೆ.

ಶರಣರ ಚರಿತ್ರೆಯಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಿಮಗೆಲ್ಲ ಗೊತ್ತು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಂದ ಅಕ್ಕಿಯನ್ನು ಲಕ್ಕಮ್ಮ ಸುಮ್ಮನೆ ಒಳಗಿಡಲಿಲ್ಲ. ಇಂದೇಕೆ ಹೆಚ್ಚೆಂದು ಕೇಳಿದಳು, ಹೆಚ್ಚಾದುದನ್ನು ತಿರುಗಿ ಒಯ್ದು ಸುರಿದು ಬರಲು ಹೇಳಿದಳು. ಅತಿಯಾಸೆಯ ವಿರುದ್ಧ ಬೋಧೆ ಎಂದು ನಾವೆಲ್ಲ ಈ ಕಥೆಯನ್ನು ಹೇಳುತ್ತ ಬಂದಿದ್ದೇವೆ, ಅದು ಸರಿಯೇ. ಆದರೆ ಇನ್ನೊಂದು ಮಾತು ನೋಡಿರಿ. ಅಕ್ಕಿ ಹೆಚ್ಚಾದದ್ದು ಆ ತಾಯಿಗೆ ತಿಳಿದದ್ದು ಹೇಗೆ? ದಿನದಿನದ ಅಳತೆ ಒಂದೇ ಆಗಿತ್ತು, ಆದ್ದರಿಂದ ತಿಳಿಯಿತು. ದಿನಕ್ಕೊಂದು ಅಳತೆ ಇದ್ದ ಮನೆಯಲ್ಲಿ ಹೆಚ್ಚಾದರೂ ತಿಳಿಯುವುದಿಲ್ಲ, ಕಡಿಮೆಯಾದರೂ ತಿಳಿಯುವುದಿಲ್ಲ. ಲಕ್ಕಮ್ಮನ ಕೈಯಲ್ಲಿ ತಕ್ಕಡಿ ಇತ್ತೆಂದು ಕಥೆ ಹೇಳುವುದಿಲ್ಲ. ಆಕೆಯ ಕಾಯಕದ ನೇಮವೇ ತಕ್ಕಡಿಯಾಗಿತ್ತು.

ನಮ್ಮ ಷಟ್‌ಸ್ಥಲದಲ್ಲಿ ಭಕ್ತಸ್ಥಲಕ್ಕೆ ಶ್ರದ್ಧೆ, ಮಹೇಶಸ್ಥಲಕ್ಕೆ ನಿಷ್ಠೆ, ಪ್ರಸಾದಿಸ್ಥಲಕ್ಕೆ ಅವಧಾನ ಎಂದು ಹಿರಿಯರು ಹೇಳಿದ್ದಾರೆ. ಶ್ರದ್ಧೆ ಒಂದಿದ್ದರೆ ಸಾಲದು. ಅದು ಅಲುಗದಂತೆ ನಿಲ್ಲಬೇಕು, ಅದೇ ನಿಷ್ಠೆ. ನಿಂತ ಮೇಲೆ ಒಳಗೆ ಬರುವುದನ್ನೆಲ್ಲ ಎಚ್ಚರದಿಂದ ನೋಡಬೇಕು, ಅದೇ ಅವಧಾನ. ಕಾಟಾ ನೆಟ್ಟಗೆ ನಿಲ್ಲದೆ ತೂಕ ತಿಳಿಯುವುದಿಲ್ಲ. ನಿಷ್ಠೆ ನಿಲ್ಲದೆ ಅವಧಾನ ಬರುವುದಿಲ್ಲ. ಹೊತ್ತು ತಪ್ಪಿಸದೆ, ಒಂದೇ ಕಡೆ ಕುಳಿತು ಇಷ್ಟಲಿಂಗ ಪೂಜೆ ಮಾಡಿರೆಂದು ಗುರುಗಳು ಹೇಳುವುದು ಸುಮ್ಮನೆ ಅಲ್ಲ. ನಿನ್ನೆಯ ಮನಸ್ಸಿಗೂ ಇಂದಿನ ಮನಸ್ಸಿಗೂ ಇರುವ ಅಂತರ ತಿಳಿಯಬೇಕಾದರೆ ಎರಡನ್ನೂ ಒಂದೇ ನೆಲದ ಮೇಲೆ ನಿಲ್ಲಿಸಿ ನೋಡಬೇಕು.

ಆ ದಿನ ಕಾಟಾ 20 ಕಿಲೊಕ್ಕೆ 20.2 ತೋರಿಸಿತೆಂದು ಹೇಳಿದೆವು. ಮನೆಯಲ್ಲಿ ಅದರಿಂದ ಕೇಡಿಲ್ಲ. ದಿನಾಲೂ ಅಷ್ಟೇ ಹೆಚ್ಚು ತೋರಿಸಿದರೆ ಏರಿಳಿತವಂತೂ ತಿಳಿಯುತ್ತದೆ. ದಿನಕ್ಕೊಂದು ಮಾತಾಡುವ ಕಾಟಾದಿಂದ ಕೆಲಸ ಕೆಡುತ್ತದೆ. ಮನುಷ್ಯರಲ್ಲಿಯೂ ಹೀಗೆಯೇ. ಸಿಟ್ಟು ಹೆಚ್ಚಿನ ಮನುಷ್ಯ, ಆದರೆ ಎಲ್ಲರೊಡನೆಯೂ ಹಾಗೆಯೇ ಇರುತ್ತಾನೆ, ಅವನನ್ನು ತಿದ್ದಬಹುದು. ಮಠಕ್ಕೆ ಬಂದಾಗ ಒಂದು, ಅಂಗಡಿಯಲ್ಲಿ ಒಂದು, ಹಮಾಲನೊಡನೆ ಒಂದು, ಸಾಹುಕಾರನೊಡನೆ ಇನ್ನೊಂದು ಆಗುವವನನ್ನು ತಿದ್ದುವವರು ಎಲ್ಲಿಂದ ಹಿಡಿಯಬೇಕು?

ಆದರೆ ವ್ಯಾಪಾರಸ್ಥರು ಈ ಮಾತನ್ನು ತಮಗೆ ಬೇಕಾದಂತೆ ಹಿಡಿಯಬಾರದು. ಅಂಗಡಿಯಲ್ಲಿ ದಿನಾಲೂ ಒಂದೇ ಸಮನೆ 200 ಗ್ರಾಂ ತಪ್ಪುವ ಕಾಟಾ ಎಂದರೆ ದಿನಾಲೂ ಒಂದೇ ಸಮನೆ ನಡೆಯುವ ಕಳವು. 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯಂತೆ ವ್ಯಾಪಾರದ ಕಾಟಾಕ್ಕೆ ಅಧಿಕಾರಿಯ ತಪಾಸಣೆ, ಮುದ್ರೆ ಇರಬೇಕು. ವಿದ್ಯುತ್ತಿನ ಕಾಟಾಕ್ಕಾದರೆ ವರ್ಷಕ್ಕೊಮ್ಮೆ ಆಗಬೇಕು. ರೈತ ಬಾಂಧವರು ಆ ಮುದ್ರೆಯನ್ನು ನೋಡಿ ಕೇಳುವುದರಲ್ಲಿ ಸಂಕೋಚ ಪಡಬೇಕಿಲ್ಲ. ಕೊಳ್ಳುವಾಗಲೂ ಮಾರುವಾಗಲೂ ಒಂದೇ ಕಾಟಾ, ಒಂದೇ ಕಣ್ಣು, ಇದು ಕಾಯಕ. ತಪ್ಪು ತೂಕದಿಂದ ಬಂದ ರೊಕ್ಕದಲ್ಲಿ ಮಾಡಿದ ದಾಸೋಹ ದಾಸೋಹವಲ್ಲ. ಇನ್ನು ಮನೆಯ ಕಾಟಾಕ್ಕೆ ಯಾವ ಅಧಿಕಾರಿಯೂ ಬರುವುದಿಲ್ಲ. ಮನಸ್ಸಿನ ಕಾಟಾಕ್ಕಂತೂ ಮುದ್ರೆ ಹಾಕುವವರು ನಾವೇ. ಅದಕ್ಕೆ ನಮ್ಮ ಅರಿವೇ ಸಾಕ್ಷಿ, ಅರಿವೇ ಗುರು.

ಮನೆಯಲ್ಲಿ ಹೃದಯದ, ಮೂತ್ರಪಿಂಡದ ತೊಂದರೆ ಇದ್ದವರು, ತೂಕ ನೋಡಿರೆಂದು ಡಾಕ್ಟರರು ಹೇಳಿದವರು, ಈ ನೇಮ ಇಟ್ಟುಕೊಳ್ಳಿರಿ. ಕಾಟಾವನ್ನು ಬಚ್ಚಲಿಂದ ಹೊರಗೆ ತನ್ನಿರಿ. ಗಟ್ಟಿಯಾದ ಸಮನೆಲದ ಮೇಲೆ ಇಡಿರಿ. ಚಾಪೆ, ಜಮಖಾನೆಯ ಮೇಲೆ ಬೇಡ. ಇಟ್ಟ ಜಾಗ ಬದಲಿಸಬೇಡಿರಿ. ಮುಂಜಾನೆ ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ, ಏನನ್ನೂ ತಿನ್ನುವ ಕುಡಿಯುವ ಮೊದಲು, ಹೆಚ್ಚುಕಡಿಮೆ ಒಂದೇ ಬಗೆಯ ಬಟ್ಟೆಯಲ್ಲಿ, ಸೊನ್ನೆ ಬಂದ ಮೇಲೆ ಹತ್ತಿರಿ. ನಡುವೆ ಎರಡೂ ಕಾಲಿಟ್ಟು, ಗೋಡೆ ಹಿಡಿಯದೆ, ಅಲುಗದೆ ನಿಲ್ಲಿರಿ. ಅಂಕಿ ವಿಚಿತ್ರವಾಗಿ ಬಂದರೆ ಸೆಲ್ಲು ಬದಲಿಸಿ ನೋಡಿರಿ, ಆಗಾಗ ತೂಕ ಗೊತ್ತಿದ್ದ ಕಲ್ಲು ಇಟ್ಟು ಪರೀಕ್ಷೆ ಮಾಡಿರಿ. ಆಗಲೂ ಓಲಾಡಿದರೆ ಆ ಕಾಟಾವನ್ನು ಬಿಟ್ಟು ಬೇರೆ ತನ್ನಿರಿ. ಉಂಡದ್ದು, ಕುಡಿದದ್ದರಿಂದ ಒಂದೇ ದಿನದಲ್ಲಿ ಒಂದು ಕಿಲೊ ಹಿಂದೆ ಮುಂದೆ ಆಗುವುದು ಸಹಜ, ಅದಕ್ಕೆ ಗಾಬರಿಯಾಗಬೇಡಿರಿ. ಏರುತ್ತಲೇ ಹೋದರೆ ಮುಚ್ಚಿಡಬೇಡಿರಿ. ಬಂದ ಅಂಕಿಯನ್ನು ಬಂದ ಹಾಗೆ ಬರೆಯಿರಿ.

ಮಕ್ಕಳಿಗೂ ಸೊಸೆಯಂದಿರಿಗೂ ಒಂದು ಮಾತು. ಹಿರಿಯರು ಕಡಿಮೆ ಬರೆದರೆ ಗದರಬೇಡಿರಿ. ನಿಮ್ಮ ಗದರಿಕೆಗೆ ಅಂಜಿಯೇ ಅವರು ಕಡಿಮೆ ಬರೆದಿರುತ್ತಾರೆ. ಖರೆ ಹೇಳಿದರೆ ಶಿಕ್ಷೆ ಸಿಗುವ ಮನೆಯಲ್ಲಿ ಖರೆ ಉಳಿಯುವುದಿಲ್ಲ. ಮುಂಜಾನೆ ಅವರ ಪಕ್ಕದಲ್ಲಿ ನಿಂತು, ಅಂಕಿ ಓದಿ ಹೇಳಿ, ವಹಿಯಲ್ಲಿ ಬರೆದುಕೊಡಿರಿ. ಆ ಅಕ್ಕಲಕೋಟೆಯ ಮನೆಯಲ್ಲಿ ಈಗ ಆ ಕಾಯಕ ಮೊಮ್ಮಗನದು. ಅಜ್ಜ ಕಾಟಾ ಹತ್ತಿದ ಮೇಲೆ ಅವನು ಜೋರಾಗಿ ಓದುತ್ತಾನಂತೆ, ಇಡೀ ಮನೆಗೆ ಕೇಳುವ ಹಾಗೆ. ಅಜ್ಜ ನಗುತ್ತ ಇಳಿಯುತ್ತಾರಂತೆ.

ಎಲ್ಲರಿಗೂ ಆಯುರಾರೋಗ್ಯವೂ ನಡೆನುಡಿ ಒಂದಾದ ಬಾಳೂ ಲಭಿಸಲಿ ಎಂದು ಹಾರೈಸುತ್ತೇವೆ.